ಕೈಯಲ್ಲಿದ್ದ ಐದು, ಬಿಟ್ಟ ಐದು

ಟಿ. ನರಸೀಪುರ ಬಸ್ ಸ್ಟ್ಯಾಂಡಿನ ಟೀ ಅಂಗಡಿ. ನಂಜನಗೂಡಿನ ನಮ್ಮ ಫ್ಯಾಕ್ಟರಿಗೆ ಮಿಷನ್ ಕೂರಿಸಲು ಬಂದಿದ್ದ ಜಪಾನಿನ ಇಶಿದಾ ಅವರಿಗೆ ಸಂಗಮ ತೋರಿಸಿ, ನಾನೂ ಗೆಳೆಯ ಮಾದೇವುವೂ ಅವರೊಂದಿಗೆ ವಾಪಸ್ ಬಸ್ಸಿಗೆ ಕಾಯುತ್ತಿದ್ದೆವು. ನಾಳೆ ಅವರು ಊರಿಗೆ ಹೊರಡುತ್ತಾರೆ. ಅವರೇ ಕಲಿಸಿದ ಮಾಜಾಂಗ್ ಎಂಬ ಬಿಲ್ಲೆಯಾಟದಲ್ಲಿ ನಾನು ಒಮ್ಮೆಯೂ ಗೆದ್ದಿರಲಿಲ್ಲ. ಬೆಂಚಿನ ಮೇಲೆ ಕೊನೇ ಆಟ ನಡೆದಿತ್ತು.

ಬಿಲ್ಲೆಗಳನ್ನು ಮೂರು ಮೂರಾಗಿ ಕೂಡಿಸಬೇಕು. ನನಗೆ ಕೂಡಿಸಲು ಉಳಿದದ್ದು ಮೂರರಿಂದ ಏಳರವರೆಗೆ ಒಂದೇ ಬಗೆಯ ಐದು ಬಿಲ್ಲೆ. ಹೊಂದುವ ಇನ್ನೊಂದು ಬಂದರೆ, ಬೇರೆಯವರು ಎಸೆದದ್ದಾದರೂ ಸರಿ, ಗೆಲುವು. ರಮ್ಮಿ ಆಡಿದ ಕಣ್ಣು ಸಾಲಿನ ತುದಿಗಳನ್ನೇ ನೋಡುತ್ತಿತ್ತು: ಎರಡು ಬರಬೇಕು, ಇಲ್ಲವೇ ಎಂಟು. ಇಶಿದಾ ಐದು ಎಸೆದರು. ನಾನು ಎತ್ತಿಕೊಳ್ಳಲಿಲ್ಲ. ಮುಂದಿನ ಸುತ್ತಿನಲ್ಲಿ ಅವರೇ ಗೆದ್ದರು.

ನನ್ನ ಬಿಲ್ಲೆ ನೋಡಿ ಮಾದೇವು ಹಣೆ ಚಚ್ಚಿಕೊಂಡ. "ಐದು ಬಿದ್ದಾಗ ನಿದ್ದೆ ಒಡೀತಿದ್ದೇನ್ಲಾ?"

"ಐದು ನನ್ ತಾವೇ ಅದಲ್ಲಾ, ಇನ್ನೊಂದ್ಯಾಕ್ಲಾ?"

ಇಶಿದಾ ನಗಲಿಲ್ಲ. ಇನ್ನೊಂದು ಐದನ್ನು ನಡುವೆ ಇಟ್ಟು, ಬೆರಳಿನಿಂದ ಸಾಲನ್ನು ಬೇರೆ ಮಾಡಿದರು: ಮೂರು, ನಾಲ್ಕು, ಐದು. ಐದು, ಆರು, ಏಳು. ನಾನು ಕೈ ಮುಗಿದುಬಿಟ್ಟೆ.

ಅಷ್ಟರಲ್ಲಿ ನಂಜನಗೂಡಿನ ಬಸ್ ಬಂತು. ನಾನೂ ಮಾದೇವುವೂ ಎದ್ದೆವು. ಇಶಿದಾ ಬಿಲ್ಲೆಗಳನ್ನು ಮಗುಚಿ ಮತ್ತೆ ಕಲೆಸತೊಡಗಿದರು.

"ಸಾ, ಬಸ್ಸು!" ಎಂದೆ.

"ಓಗ್ಲಿ ಬುಡು," ಎಂದರು, ಥೇಟ್ ನಮ್ಮ ಹಾಗೇ.