ಮೂರನೇ ಮಟ್ಟದ ಬೀಗ

ಆಸ್ಪತ್ರೆಯ ಲ್ಯಾಬಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಆಕೆಗೆ ಎಲ್ಲರೂ ಸೇರಿ ಇಟ್ಟ ಹೆಸರು ದೊಣ್ಣೆನಾಯಕಿ. ಆಕೆಯ ಅಪ್ಪಣೆಯಿಲ್ಲದೆ ಅಲ್ಲಿ ಒಂದು ಹುಲ್ಲುಕಡ್ಡಿಯೂ ಅಲ್ಲಾಡುವಂತಿರಲಿಲ್ಲ. ಐವತ್ತು ದಾಟಿದ ವಯಸ್ಸು, ಕತ್ತಿಗೆ ದಾರದಲ್ಲಿ ತೂಗುಬಿಟ್ಟ ಕನ್ನಡಕ, ಮಾತು ಬಲು ಖಾರ. ನೆಲ ಒರೆಸುವ ಆಯಮ್ಮನನ್ನಂತೂ ದಿನಾ ಗದರುವಳು. "ವೈರ್ ಮೇಲೆ ನೀರು ಚೆಲ್ತೀರ, ಇತ್ತ ಕೊಡಿ" ಅಂತ ಬಕೆಟ್ ಕಿತ್ತುಕೊಂಡು ತಾನೇ ಹೊರಗೆ ಒಯ್ದಿಡುವಳು.

ಇದೇ ಆಯಮ್ಮ ಹೋದ ವರ್ಷ ತನ್ನ ರಕ್ತ ಪರೀಕ್ಷೆ ಮಾಡಿಸಿದ್ದಳು. ರಿಪೋರ್ಟು ಡಾಕ್ಟರ ಕೈ ಸೇರುವ ಮೊದಲೇ ಹತ್ತು ಜನರ ಬಾಯಿಗೆ ಬಿತ್ತು. ಏನು ಕಾಯಿಲೆ ಅಂತ ನನ್ನನ್ನು ಕೇಳಬೇಡಿ, ನಾನು ಹೇಳುವುದಿಲ್ಲ. ಆಡಿಕೊಂಡವರ ಬಾಯಿಗಿಷ್ಟು ಮಣ್ಣು ಹಾಕ. ಒಂದು ತಿಂಗಳು ಆಯಮ್ಮನ ಪಕ್ಕ ಕೂತು ಯಾರೂ ಊಟ ಮಾಡಲಿಲ್ಲ.

ಕದ್ದು ನೋಡಿದವನು ತಲೆ ಚುರುಕಿದ್ದ ಒಬ್ಬ ಗುಮಾಸ್ತ. ಕಂಪ್ಯೂಟರಿನ ತಳದಲ್ಲಿ ಕರ್ನಲ್ ಅಂತ ಒಂದು ಪ್ರೋಗ್ರಾಮ್ ಇರುತ್ತದೆ. ಓಡುತ್ತಿರುವ ಪ್ರೋಗ್ರಾಮಿನ ಹೊಟ್ಟೆಯೊಳಗೆ ಇನ್ನೊಂದು ಪ್ರೋಗ್ರಾಮ್ ಇಣುಕಬೇಕಾದರೆ ಈ ಕರ್ನಲ್ಲಿನ ಅಪ್ಪಣೆ ಬೇಕು. ಕೆಟ್ಟದ್ದನ್ನು ರಿಪೇರಿ ಮಾಡುವವರು ಹೀಗೆ ಇಣುಕುತ್ತಾರೆ, ಅದಕ್ಕೆ ಡಿಬಗ್ ಮಾಡುವುದು ಅನ್ನುತ್ತಾರೆ. ಕಳ್ಳರೂ ಹಾಗೇ ಇಣುಕುತ್ತಾರೆ. ಯಾರೂ ಇಣುಕದಂತೆ ಕರ್ನಲ್ ಹಾಕುವ ಬೀಗಕ್ಕೆ ಸೊನ್ನೆಯಿಂದ ಮೂರರವರೆಗೆ ಮಟ್ಟಗಳಿವೆ. ಲ್ಯಾಬಿನಲ್ಲಿ ಅದು ಸೊನ್ನೆಯಲ್ಲಿತ್ತು, ಲಾಗಿನ್ ಎಲ್ಲರಿಗೂ ಒಂದೇ. ಗುಮಾಸ್ತನಿಗೆ ಬಾಗಿಲು ಹಾರುಹೊಡೆದಿತ್ತು.

ನಾಯಕಿ ಅದನ್ನು ಸೀದಾ ಮೂರಕ್ಕೆ ಏರಿಸಿದಳು. ಎರಡರಲ್ಲಿ ಇಟ್ಟರೆ ಮೇಲ್ವಿಚಾರಕಿಯಾದ ಆಕೆಯೊಬ್ಬಳು ನೋಡಬಹುದು. ಮೂರರಲ್ಲಿ ಆಕೆಗೂ ಇಲ್ಲ. ಕಂಪ್ಯೂಟರನ್ನು ಆರಿಸಿ ಮತ್ತೆ ಶುರುಮಾಡುವ ತನಕ ಬೀಗ ಇಳಿಸುವುದಕ್ಕೂ ಬರುವುದಿಲ್ಲ.

"ನಿಮಗಾದ್ರೂ ಒಂದು ದಾರಿ ಇಟ್ಕೊಳ್ಳಿ ಮೇಡಂ" ಅಂದಿದ್ದ ಲ್ಯಾಬಿನ ಮುಖ್ಯಸ್ಥ.

"ನಂಗೂ ಬೇಡ" ಅಂದಿದ್ದಳು ನಾಯಕಿ.

ಯಾಕೆ ಬೇಡ ಅಂತ ಹೇಳಿರಲಿಲ್ಲ. ಕಳ್ಳನ ಜಾಡು ಹಿಡಿಯಲು ಆಕೆಯೂ ಅದೇ ದಾರಿಯಲ್ಲಿ ಇಣುಕಿದ್ದಳು. ಅವನಿಗೆ ಕಂಡದ್ದೆಲ್ಲ ಆಕೆಗೂ ಕಂಡಿತ್ತು. ಅವತ್ತಿನಿಂದ ಆಯಮ್ಮನ ಮುಖ ನೋಡಿ ಮಾತಾಡಲು ಆಕೆಗೆ ನಾಚಿಕೆ.

ಈ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ರಿಪೋರ್ಟು ತಯಾರಿಸುವ ಲ್ಯಾಬಿನ ಪ್ರೋಗ್ರಾಮ್ ನಿಂತಲ್ಲೇ ನಿಂತಿತು. ಪರೀಕ್ಷೆಯ ಯಂತ್ರ ಒಂಬತ್ತು ಜನರ ಫಲಿತಾಂಶ ಕಳಿಸಿ ಕೈ ತೊಳೆದುಕೊಂಡಿತ್ತು, ತನ್ನ ಬಳಿ ಏನೂ ಉಳಿಸಿಕೊಂಡಿರಲಿಲ್ಲ. ಅವು ಉಳಿದಿದ್ದದ್ದು ಆ ಪ್ರೋಗ್ರಾಮಿನ ಹೊಟ್ಟೆಯಲ್ಲಿ ಮಾತ್ರ. ಎಂಟು ಜನರ ಟ್ಯೂಬಿನಲ್ಲಿ ಇನ್ನೂ ರಕ್ತವಿತ್ತು, ಮತ್ತೆ ಯಂತ್ರಕ್ಕೆ ಹಾಕಬಹುದು. ಒಂಬತ್ತನೆಯದು ಹನ್ನೊಂದು ದಿನದ ಕೂಸಿನದು. ನಾಲ್ಕು ಸಲ ಚುಚ್ಚಿ ತೆಗೆದಿದ್ದ ನಾಲ್ಕು ಹನಿ ಮುಗಿದೇಹೋಗಿತ್ತು. ಆ ಅಂಕಿ ಕೈಗೆ ಬರದೆ ಡಾಕ್ಟರು ಔಷಧಿ ಶುರುಮಾಡುವಂತಿರಲಿಲ್ಲ.

"ಒಳಗೆ ನೋಡಿ ಒಂದು ಅಂಕಿ ಬರ್ಕೊಡಿ ಸಾಕು" ಅಂದ ಮುಖ್ಯಸ್ಥ.

ಆಗದು ಅಂತ ಗೊತ್ತಿದ್ದೂ ನಾಯಕಿ ಒಳಗೆ ಇಣುಕುವ ಡಿಬಗರ್ ಹಚ್ಚಿದಳು. ಅನುಮತಿ ಇಲ್ಲ ಅಂದಿತು ಕರ್ನಲ್. ಮೇಲ್ವಿಚಾರಕಿಯ ಪಾಸ್‌ವರ್ಡ್ ಕೊಟ್ಟಳು. ಅನುಮತಿ ಇಲ್ಲ. ಪ್ರೋಗ್ರಾಮನ್ನು ಕೊಂದು, ಸಾಯುವಾಗ ಅದು ತನ್ನೊಳಗಿದ್ದದ್ದನ್ನು ಕಡತಕ್ಕೆ ಸುರಿಯುವಂತೆ ಮಾಡುವ ದಾರಿಯೂ ಒಂದಿತ್ತು. ಅದನ್ನೂ ಹೋದ ವರ್ಷ ತಾನೇ ಮುಚ್ಚಿದ್ದಳು.

"ಆ ಕೂಸಿಗಿಂತ ನಿಮ್ಮ ಬೀಗ ದೊಡ್ಡದಾಯ್ತಾ ಮೇಡಂ?" ಅಂದ ಮುಖ್ಯಸ್ಥ.

ನಾಯಕಿ ಕಂಪ್ಯೂಟರನ್ನು ಆರಿಸಿ ಮತ್ತೆ ಶುರುಮಾಡಿದಳು. ಒಂಬತ್ತು ಫಲಿತಾಂಶವೂ ಹೋಯಿತು. ನೆಟ್ಟಗೆ ವಾರ್ಡಿಗೆ ನಡೆದು ಕೂಸಿನ ಅಜ್ಜಿಯ ಮುಂದೆ ನಿಂತಳು.

"ಅಜ್ಜಿ, ಇನ್ನೊಂದ್ಸಲ ಚುಚ್ಚಬೇಕು. ತಪ್ಪು ನರ್ಸ್‌ದಲ್ಲ, ನಂದು."

ಅಜ್ಜಿ ಕೂಸನ್ನು ಎದೆಗವುಚಿಕೊಂಡಳು. "ಅದರ ಕಾಲಲ್ಲಿ ಎಲ್ಲಿದೆಯಮ್ಮಾ ಇನ್ನು ಜಾಗ?"

ಹಿಂದಿನಿಂದ ಆಯಮ್ಮ ಬಂದಳು. ಅವಳನ್ನು ಯಾರೂ ಕರೆದಿರಲಿಲ್ಲ. ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು ಕೆನ್ನೆಗೆ ಒತ್ತಿ ಹದ ನೋಡಿ, ಕೂಸಿನ ಹಿಮ್ಮಡಿಗೆ ಸುತ್ತಿ, ಎರಡೂ ಅಂಗೈಯಲ್ಲಿ ಹಿಡಿದು ಕೂತಳು. ಐದು ನಿಮಿಷ ಕಳೆಯಿತು. ನರ್ಸ್ ಒಂದೇ ಸಲ ಚುಚ್ಚಿದಳು, ರಕ್ತ ತಾನಾಗಿ ಬಂತು. ಕೂಸು ಒಮ್ಮೆ ಕಿರುಚಿ ಸುಮ್ಮನಾಯಿತು. ನಾಯಕಿ ಕನ್ನಡಕ ತೆಗೆದು ಸೆರಗಲ್ಲಿ ಒರೆಸಿದಳು, ಕನ್ನಡಕವನ್ನು ಮಾತ್ರವಲ್ಲ.

ಲ್ಯಾಬಿಗೆ ಬಂದಾಗ ಕಂಪ್ಯೂಟರ್ ಮತ್ತೆ ಎದ್ದು, ಬೀಗ ಯಾವ ಮಟ್ಟಕ್ಕೆ ಅಂತ ಕಾಯುತ್ತಿತ್ತು. ಆಯಮ್ಮ ನೆಲ ಒರೆಸುತ್ತಿದ್ದಳು. ನಾಯಕಿ ಅವಳನ್ನು ಕರೆದು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡಳು.

"ಆಯಮ್ಮ, ಇದನ್ನ ಎರಡಕ್ಕೆ ಇಳಿಸಿದ್ರೆ ನಾನೊಬ್ಳು ಎಲ್ಲರದ್ದೂ ನೋಡಬಹುದು. ನಿಮ್ಮದನ್ನೂ. ಹೋದ ವರ್ಷ..." ಅಂದಳು ನಾಯಕಿ.

"ನೀವೂ ಓದಿದ್ರಿ. ಗೊತ್ತು ಬಿಡಿ."

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಅವತ್ತಿಂದ ಇವತ್ತಿನವರೆಗೆ ನನ್ನ ಕೈಲಿ ಒಂದು ತುಂಬಿದ ಬಕೆಟ್ ಎತ್ತಿಸಿದೀರಾ ನೀವು? ಇಡೀ ಆಸ್ಪತ್ರೆಲಿ ಅದನ್ನ ಓದಿ ಬಾಯಿ ಬಿಡದೆ ಇದ್ದೋರು ನೀವೊಬ್ರೇ ತಾಯಿ. ಇಳಿಸಿ ಅದನ್ನ. ಬೀಗದ ಕೈ ನಿಮ್ಮತ್ರಾನೇ ಇರಲಿ."

ನಾಯಕಿ ಎರಡು ಅಂತ ಒತ್ತಿದಳು. ಆಯಮ್ಮ ಎದ್ದು ಬಕೆಟಿಗೆ ಕೈ ಹಾಕಿದಳು.

"ವೈರ್ ಮೇಲೆ ಚೆಲ್ತೀರ, ಇತ್ತ ಕೊಡಿ" ಅಂದಳು ನಾಯಕಿ.

ಆಯಮ್ಮ ಕೊಟ್ಟಳು.