ಮಲ್ಲೇಶ್ವರಿ ಸಿಸ್ಟರ್ ಮತ್ತು ಒಂದು ಲೋಟ ನೀರು

ರಾಯಚೂರಿನ ದೊಡ್ಡ ಆಸ್ಪತ್ರೆಯೊಂದರ ಐಸಿಯುಗೆ ಮಲ್ಲೇಶ್ವರಿ ಸಿಸ್ಟರ್ ಬಂದಳೆಂದರೆ ಎಲ್ಲರ ಮಾತೂ ಪಿಸುಮಾತು. ಅವಳದು ಬಾಯಿ ಅಂದರೆ ಬಾಯಿ! ದೇವದುರ್ಗದ ಹತ್ತಿ ಮಿಲ್ಲಿನಲ್ಲಿ ಯಂತ್ರದ ಸದ್ದಿಗಿಂತ ಜೋರಾಗಿ ಒದರಿ ಮಾತಾಡುತ್ತಿದ್ದ ತಿಮ್ಮವ್ವನ ಮಗಳಲ್ಲವೇ, ಮೆಲ್ಲಗೆ ಮಾತಾಡು ಅಂದರೆ ಎಲ್ಲಿಂದ ಬರಬೇಕು? ಆ ಮಿಲ್ಲಿನ ಕೂಲಿಯಲ್ಲೇ ತಿಮ್ಮವ್ವ ಮಗಳನ್ನು ನರ್ಸಿಂಗ್ ಓದಿಸಿದ್ದು. ಅಲ್ಲಿನ ದೂಳಿನಿಂದಲೇ ಅವಳಿಗೆ ದಮ್ಮು ಅಂಟಿಕೊಂಡಿದ್ದು.

ದೇವದುರ್ಗ, ಮಾನ್ವಿ ಕಡೆಯ ಆಸ್ಪತ್ರೆಗಳಿಂದ ಬರುವ ನರ್ಸುಗಳಿಗೆ ಈಗ ಮಲ್ಲೇಶ್ವರಿಯದೇ ತರಬೇತಿ. ಶ್ವಾಸಕೋಶ ಕೈಕೊಟ್ಟ ರೋಗಿಯನ್ನು ಡಾಕ್ಟರ್ ಬರುವ ತನಕ ಹೇಗೆ ಉಳಿಸಿಕೊಳ್ಳಬೇಕು ಎಂಬುದೇ ಪಾಠ. ಕಲಿಯಲು ಮಂಚದ ಮೇಲೊಂದು ರಬ್ಬರಿನ ಗೊಂಬೆ. ಅದಕ್ಕೆ ಹನುಮಂತಮ್ಮ ಅಂತ ಹೆಸರಿಟ್ಟವಳೂ ಅವಳೇ. ಹೆಸರಿಲ್ಲದವರ ಮೇಲೆ ಕೈ ಒರಟಾಗುತ್ತದಂತೆ.

"ಮಷೀನ್ ಒದರಿದ್ರ ಮಷೀನ್ ಮಾರಿ ನೋಡಬ್ಯಾಡ್ರಿ, ಹನುಮಂತಮ್ಮನ ಎದಿ ನೋಡ್ರಿ. ಎರಡೂ ಕಡಿ ಏಳಾಕತ್ತದೇನು?"

ಇನ್ನೊಂದು ಪಾಠ ಯಾವ ಪುಸ್ತಕದಲ್ಲೂ ಇಲ್ಲ. ನಮ್ಮ ಕಡೆ ಯಾರಿಗಾದರೂ ಮೇಲುಸಿರು ಹತ್ತಿತೆಂದರೆ ಸಾಕು, ಮನೆಯವರು ಲೋಟ ಹಿಡಿದು ಓಡಿ ಬರುತ್ತಾರೆ. ಬಾಯಿಗೆ ನೀರು ಬಿಡುವ ಮೊದಲೇ ಜೀವ ಹೋದರೆ ಪಾಪ ಸುತ್ತಿಕೊಳ್ಳುತ್ತದೆಂಬ ಅಂಜಿಕೆ. ಆದರೆ ಏದುಸಿರಿನವರ ಬಾಯಿಗೆ ಬಿಟ್ಟ ನೀರು ನೆಟ್ಟಗೆ ಶ್ವಾಸಕೋಶಕ್ಕೇ ಇಳಿದೀತು. "ಮೊದಲು ಲೋಟ ಕಸ್ಕೊಳ್ರಿ. ಬೈದ್ರ ಬೈಲಿ. ಪಾಪ ನನಗ ಬರಲಿ ಅನ್ರಿ," ಎನ್ನುತ್ತಿದ್ದಳು ಮಲ್ಲೇಶ್ವರಿ.

ಕಳೆದ ತಂಡದಲ್ಲಿ ಪೋತ್ನಾಳದ ಹುಡುಗಿ ಉಮಾದೇವಿ ಇದ್ದಳು, ದೇವದುರ್ಗದಲ್ಲಿ ನರ್ಸು. ಗೊಂಬೆ ಮುಟ್ಟಿದರೂ ಕೈ ಗಡಗಡ. "ಲೇ ಉಮಾ, ಹನುಮಂತಮ್ಮ ನಿನ್ನ ಕಡಿಯೂದಿಲ್ಲ ಬೇ!" ಎಂದು ಗದರಿ ಗದರಿ ಮಲ್ಲೇಶ್ವರಿಗೇ ಸಾಕಾಯಿತು. ಈ ಹುಡುಗಿಯಿಂದ ಆಗುವ ಮಾತಲ್ಲ ಎಂದುಕೊಂಡೇ ಅವಳನ್ನು ವಾಪಸ್ ಕಳಿಸಿದಳು.

ಆಮೇಲೊಂದು ಭಾನುವಾರ ಮಲ್ಲೇಶ್ವರಿ ದೇವದುರ್ಗದ ತವರಿಗೆ ಹೋಗಿದ್ದಾಗ, ಬೆಳಿಗ್ಗೆ ತಿಮ್ಮವ್ವ ಕೆಮ್ಮುತ್ತ ಕೆಮ್ಮುತ್ತ ಎದೆ ಹಿಡಿದು ಕುಸಿದಳು. ತುಟಿ ನೀಲಿಗಟ್ಟಿತು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆ ಮುಟ್ಟಿದರೆ, ಡ್ಯೂಟಿಯಲ್ಲಿದ್ದವಳು ಅದೇ ಉಮಾದೇವಿ. ಅಯ್ಯೋ ಶಿವನೇ!

ಅದೆಷ್ಟೋ ಜನರ ಉಸಿರು ಕಾದವಳಿಗೆ ಆಗ ಏನಾಯಿತೋ, ಕಲಿಸಿದ್ದೆಲ್ಲ ಮರೆತುಹೋಯಿತು. ಅವ್ವ ಹೋಗುತ್ತಾಳೆ ಎಂಬುದೊಂದೇ ತಲೆಯಲ್ಲಿ. ಪಕ್ಕದ ಮಂಚದವರ ಲೋಟ ಎತ್ತಿ ಅವ್ವನ ತುಟಿಗೆ ಒಯ್ದಳು. ಉಮಾದೇವಿ ಆ ಕೈ ಹಿಡಿದಳು.

"ಬ್ಯಾಡ ಅಕ್ಕಾರ."

"ಒಂದ್ ಹನಿ, ಉಮಾ... ನಮ್ಮವ್ವ..."

"ಪಾಪ ನನಗ ಬರಲಿ. ನೀವು ಹೊರಗ ನಿಂದರ್ರಿ."

ಲೋಟ ಕಸಿದಿಟ್ಟಳು. ತಿಮ್ಮವ್ವನನ್ನು ಎತ್ತಿ ಕೂರಿಸಿ, ಆಕ್ಸಿಜನ್ ಹಚ್ಚಿ, ಸೆರಗು ಸರಿಸಿ ಎದೆ ನೋಡಿದಳು. ಎಡಗಡೆ ಏಳುತ್ತಲೇ ಇರಲಿಲ್ಲ. "ಸರ್, ಲಗೂ ಬರ್ರಿ, ಎದಿಯಾಗ ಗಾಳಿ ತುಂಬ್ಯದ!" ಎಂಬ ಅವಳ ಕೂಗು ಹೊರಗಿದ್ದ ಮಲ್ಲೇಶ್ವರಿಗೂ ಕೇಳಿಸಿತು. ಡಾಕ್ಟರ್ ಓಡಿ ಬರುವಷ್ಟರಲ್ಲಿ, ಶ್ವಾಸಕೋಶದಿಂದ ಸೋರಿ ಅದನ್ನೇ ಒತ್ತುತ್ತಿದ್ದ ಆ ಗಾಳಿ ತೆಗೆಯುವ ದಪ್ಪ ಸೂಜಿ ಸಿದ್ಧ ಮಾಡಿಟ್ಟಿದ್ದಳು.

ಹೊರಗೆ ಮೆಟ್ಟಿಲ ಮೇಲೆ ಮಲ್ಲೇಶ್ವರಿ ಸೆರಗು ಕಚ್ಚಿಕೊಂಡು ಕುಳಿತಿದ್ದಳು. ರೋಗಿಗಳ ಕಡೆಯವರನ್ನು ದಿನಾ ಹೊರಗಟ್ಟುವವಳಿಗೆ ಹೊರಗೆ ಕೂರುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಯಾರದೋ ಅಜ್ಜಿ ಅವಳ ಬೆನ್ನು ಸವರುತ್ತಿದ್ದಳು.

ಎಷ್ಟು ಹೊತ್ತಾಯಿತೋ, ಒಳಗಿನಿಂದ ಕ್ಷೀಣ ದನಿಯೊಂದು ಬಂತು.

"ಎಲ್ಲಿ ಹೋದ್ಲು ನಮ್ಮ ಮಲ್ಲಿ? ಹೆತ್ತವ್ವನ್ನ ಮಂದಿ ಕೈಯಾಗ ಕೊಟ್ಟು ಹೊರಗ ಆರಾಮ ಕುಂತಾಳೇನು ಮೂಳಿ?"

ಉಸಿರಿಗಾಗಿ ಎಲ್ಲೂ ತಡವರಿಸದೆ, ಅಷ್ಟೂ ಬೈಗುಳ ಒಂದೇ ದಮ್ಮಿನಲ್ಲಿ! ಮಲ್ಲೇಶ್ವರಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ಬೈಯಿ ಯವ್ವಾ," ಎನ್ನುತ್ತ ಎದ್ದು ಒಳಗೆ ಓಡಿದಳು, "ಇನ್ನಷ್ಟು ಬೈಯಿ."