ಅಕ್ಕ ಯಾವ ಮುಖದಲ್ಲಿ ಏಳುತ್ತಾಳೆ

ಅಕ್ಕ ತೀರಿಕೊಂಡ ವರ್ಷ ನನಗೆ ಹನ್ನೊಂದು. ಐವತ್ತರ ದಶಕದ ನಡುವಿನ ಒಂದು ಬೇಸಗೆ ಅದು. ಬಂಟ್ವಾಳ ಪೇಟೆಯಿಂದ ಪೊಳಲಿ ಕಡೆಗೆ ಹೋಗುವ ದಾರಿಯಲ್ಲಿ, ಗದ್ದೆಗಳ ಆಚೆಗಿನ ದಿಣ್ಣೆಯ ಮೇಲೆ ನಮ್ಮ ಮನೆ. ಅಪ್ಪನಿಗೆ ಪೇಟೆಯಲ್ಲಿ ಹೊಲಿಗೆಯ ಅಂಗಡಿ ಇತ್ತು. ಕಾಜ ಮಾಡುವ, ಗುಂಡಿ ಹಚ್ಚುವ ಕೆಲಸವನ್ನು ಅಪ್ಪ ಮನೆಗೆ ತರುತ್ತಿದ್ದರು, ಅಕ್ಕ ಅದನ್ನು ಜಗಲಿಯಲ್ಲಿ ಕೂತು ಮುಗಿಸುತ್ತಿದ್ದಳು. ನಮ್ಮ ಮನೆಮಾತು ಕೊಂಕಣಿ, ಅಂಗಳ ದಾಟಿದರೆ ತುಳು. ಇಲ್ಲಿ ಎಲ್ಲರ ಮಾತನ್ನೂ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ನನ್ನನ್ನು ಬೈಯುವುದು, ತಲೆ ಬಾಚುವುದು, ಪ್ರಾರ್ಥನೆ ಕಲಿಸುವುದು ಎಲ್ಲ ಅವಳದೇ ಕೆಲಸ. ಎಷ್ಟು ಬೈದರೂ ಕೊನೆಗೆ "ಗೊತ್ತಾಯ್ತಾ ಪುಟ್ಟೀ" ಎಂದು ಸೇರಿಸಿ ಬೈಗುಳದ ಖಾರ ಇಳಿಸಿಬಿಡುತ್ತಿದ್ದಳು. ಬೆಳ್ತಂಗಡಿ ಕಡೆಯ ಹುಡುಗನೊಬ್ಬನೊಂದಿಗೆ ಅವಳ ಮದುವೆ ನಿಶ್ಚಯವಾಗಿತ್ತು. ನಲವತ್ತು ದಿನದ ಉಪವಾಸದ ತಪಸ್ಸುಕಾಲದಲ್ಲಿ ಕ್ರೈಸ್ತರಾದ ನಮ್ಮಲ್ಲಿ ಮದುವೆ ನಡೆಯುವುದಿಲ್ಲ. ಹಾಗಾಗಿ ಏಸುಸ್ವಾಮಿ ಸತ್ತವರೊಳಗಿಂದ ಎದ್ದ ಪಾಸ್ಕ ಹಬ್ಬ ಮುಗಿಯಲಿ ಎಂದು ಎರಡೂ ಮನೆಯವರು ಕಾಯುತ್ತಿದ್ದರು.

ಆ ನಡುವೆ ಬೆಳುವಾಯಿಯಲ್ಲಿದ್ದ ಅತ್ತೆಯ ಮನೆಗೆ ಅಕ್ಕ ಹೋಗಿ ಕೆಲವು ದಿನ ಇದ್ದು ಬಂದಳು. ಬಂದ ಮೇಲೆ ಜ್ವರ ಹಿಡಿಯಿತು. ಸೊಂಟ ಮುರಿಯುವ ಹಾಗೆ ನೋವು ಎಂದಳು. ಬಿಸಿಲಲ್ಲಿ ನಡೆದದ್ದಕ್ಕೆ ಹೀಗಾಯಿತು ಎಂದು ಅಮ್ಮ ಕೊತ್ತಂಬರಿ ಕಷಾಯ ಮಾಡಿ ಕೊಟ್ಟರು. ಜ್ವರ ಇಳಿದ ಹಾಗೆ ಕಂಡು, ಅಕ್ಕ ಎದ್ದು ಕೂತು ಗಂಜಿ ಕುಡಿದಳು. ಆಗ ಅಮ್ಮ ಅವಳ ಹಣೆ ಒರೆಸಲು ಹೋದವರು ಕೈ ಹಿಂದಕ್ಕೆ ಎಳೆದುಕೊಂಡದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಕೂದಲಿನ ಅಂಚಿನಲ್ಲಿ ಸಾಸಿವೆ ಗಾತ್ರದ ಕೆಂಪು ಗುಳ್ಳೆಗಳಿದ್ದವು.

"ನೀನು ಹೊರಗೆ ಹೋಗು," ಎಂದರು ಅಮ್ಮ. ಅವರ ಅಂಥ ಸ್ವರವನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಸಿಡುಬು ಬಂದ ಮನೆಗೆ ಆಗ ಯಾರೂ ಕಾಲಿಡುತ್ತಿರಲಿಲ್ಲ. ನನ್ನನ್ನು ಬೇರೆ ಕಡೆ ಕಳಿಸಲೂ ಆಗಲಿಲ್ಲ. ನಮ್ಮ ಮನೆಯ ಮಗುವನ್ನು ಯಾರು ಒಳಗೆ ಸೇರಿಸಿಕೊಳ್ಳುತ್ತಾರೆ? ನನಗೆ ಜಗಲಿಯೇ ಮನೆಯಾಯಿತು. ಅಪ್ಪ ಅಂಗಡಿ ಮುಚ್ಚಿದರು. ಬಟ್ಟೆ ಹೊಲಿಯಲು ಕೊಟ್ಟವರು ಗದ್ದೆಯ ಬದುವಿನ ಮೇಲೆ ನಿಂತು, "ನಮ್ಮ ಬಟ್ಟೆ ನಮಗೆ ಬೇಡ ಮಾರಾಯ್ರೇ, ಸುಟ್ಟುಬಿಡಿ," ಎಂದು ಕೂಗಿ ಹೇಳಿ ಹೋದರು. ಪಕ್ಕದ ಒಕ್ಕಲಿನ ಬಂಟರ ಹೆಂಗಸು ಮಾತ್ರ ಬೆಳಿಗ್ಗೆ ಬೆಳಿಗ್ಗೆ ಬೇಲಿಯ ತಡಮೆಯ ಹತ್ತಿರ ಹಾಲಿನ ಚೊಂಬು ಇಟ್ಟು, ಹಿಂದಕ್ಕೆ ನೋಡದೆ ಹೋಗುತ್ತಿದ್ದರು. ಆ ಚೊಂಬು ಅವರು ವಾಪಸು ಒಯ್ಯಲಿಲ್ಲ. ದಿನವೂ ಬೇರೆ ಪಾತ್ರೆ ತರುತ್ತಿದ್ದರು.

ಆರೈಕೆಗೆಂದು ಒಳಗೆ ಬಂದವರು ಒಬ್ಬರೇ. ನಮ್ಮ ಇಗರ್ಜಿಯ ಒಬ್ಬ ವಿಧವೆ ಅಜ್ಜಿ. ಎಳೆಯ ವಯಸ್ಸಿನಲ್ಲಿ ಸಿಡುಬು ಬಂದು ಬದುಕಿದವರು. ಮುಖವೆಲ್ಲ ಕುಳಿ, ಒಂದು ಕಣ್ಣು ಬೆಳ್ಳಗೆ. ಆದಿತ್ಯವಾರ ಪೂಜೆಗೆ ಹೋದಾಗ ಅವರು ಕೂತ ಕಡೆ ನಾನು ಕೂರುತ್ತಿರಲಿಲ್ಲ. ಅವರು ಬಗಲಲ್ಲಿ ಚಾಪೆ ಸುತ್ತಿಕೊಂಡು ಅಂಗಳಕ್ಕೆ ಬಂದು, "ನನ್ನನ್ನು ಅದು ಒಮ್ಮೆ ತಿಂದು ಉಗುಳಿ ಆಗಿದೆ. ಇನ್ನು ನನ್ನ ರುಚಿ ಅದಕ್ಕೆ ಬೇಡ," ಎಂದು ಅಮ್ಮನಿಗೆ ಹೇಳಿ ಒಳಗೆ ಹೋದರು. ಅಮ್ಮ ಮೊದಲ ಸಲ ಜೋರಾಗಿ ಅತ್ತದ್ದು ಆಗಲೇ.

ಅಕ್ಕನನ್ನು ಬಾಳೆಯ ಎಲೆಯ ಮೇಲೆ ಮಲಗಿಸಿದ್ದರು, ಬಟ್ಟೆ ಮೈಗೆ ಅಂಟಿಕೊಳ್ಳಬಾರದೆಂದು. ಅಜ್ಜಿ ಹಳೆಯ ಎಲೆಗಳನ್ನು ತಂದು ಹಿತ್ತಲಲ್ಲಿ ಸುಡುತ್ತಿದ್ದರು. ಆ ಹೊಗೆಯ ವಾಸನೆ ಬಂದರೆ ನಾನು ಜಗಲಿಯ ಇನ್ನೊಂದು ತುದಿಗೆ ಓಡುತ್ತಿದ್ದೆ. ಒಳಗಿಂದ ನರಳುವ ಸದ್ದು ಕೇಳಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಕೇಳದಿದ್ದರೆ ಇನ್ನೂ ಹೆದರಿಕೆ.

ಒಂದು ಮಧ್ಯಾಹ್ನ ಅಜ್ಜಿ ಬಾವಿಗೆ ಹೋಗಿದ್ದರು. ಅಪ್ಪ ಅಮ್ಮ ದಣಿದು ಅಡುಗೆಮನೆಯಲ್ಲಿ ಒರಗಿದ್ದರು. ಸದ್ದೇ ಇಲ್ಲವಲ್ಲ ಎಂದು ನಾನು ಹಿಂದಿನ ಕಿಟಕಿಯಿಂದ ಇಣುಕಿದೆ. ಅಲ್ಲಿ ಮಲಗಿದ್ದುದು ಅಕ್ಕ ಎಂದು ನನಗೆ ಅನಿಸಲಿಲ್ಲ. ಮುಖ ಎಂಬುದೇ ಇರಲಿಲ್ಲ. ಕಣ್ಣಿನ ಜಾಗ ಬಾತು ಮುಚ್ಚಿತ್ತು, ತುಟಿ ಕಪ್ಪಾಗಿತ್ತು, ಹಣೆಯಿಂದ ಕುತ್ತಿಗೆಯವರೆಗೆ ಬೆರಳಿಡಲು ಜಾಗವಿಲ್ಲದ ಹಾಗೆ ಕೀವಿನ ಗುಳ್ಳೆಗಳು. ನಾನು ಉಸಿರು ಎಳೆದದ್ದು ಅವಳಿಗೆ ಕೇಳಿರಬೇಕು.

"ಯಾರು?" ಎಂದಿತು ಆ ಮುಖ. ಆಮೇಲೆ, "ಹತ್ತಿರ ಬರಬೇಡ. ಗೊತ್ತಾಯ್ತಾ ಪುಟ್ಟೀ."

ನಾನು ಅಲ್ಲಿಂದ ಕಾಲು ಕೀಳಲಿಲ್ಲ. ಅಜ್ಜಿ ಬಂದು ನನ್ನನ್ನು ಎತ್ತಿಕೊಂಡು ಜಗಲಿಗೆ ತಂದರಂತೆ. ನನಗೆ ಅದರ ನೆನಪಿಲ್ಲ.

ಮರುದಿನ ಪಾದ್ರಿಗಳು ಸೈಕಲಿನಲ್ಲಿ ಬಂದರು. ವಯಸ್ಸಾದವರು, ಮಾತು ಕಡಿಮೆ. ಸಾಯುವವರಿಗೆ ಹಚ್ಚುವ ಅಂತ್ಯಾಭ್ಯಂಗದ ಎಣ್ಣೆಯ ಪುಟ್ಟ ಕರಡಿಗೆ ಅವರ ಎದೆಯ ಹತ್ತಿರ ಇತ್ತು. ಒಳಗೆ ಹೋಗಿ, ತುಂಬ ಹೊತ್ತಾದ ಮೇಲೆ ಹೊರಗೆ ಬಂದು, ನನ್ನ ತಲೆಯ ಮೇಲೆ ಕೈಯಿಡಲು ಹೋದವರು ಏನೋ ನೆನಪಾಗಿ ಕೈ ಹಿಂದಕ್ಕೆ ತೆಗೆದು, ಗಾಳಿಯಲ್ಲೇ ಶಿಲುಬೆಯ ಗುರುತು ಮಾಡಿ ಹೋದರು. ಅದರ ಮಾರನೆಯ ಬೆಳಿಗ್ಗೆ, ಪೇಟೆಯ ಕಡೆಯಿಂದ ಮೊದಲ ಬಸ್ಸಿನ ಹಾರ್ನು ಕೇಳುವ ಹೊತ್ತಿಗೆ, ಅಕ್ಕ ಹೋದಳು.

ಮದುವೆಯಾಗದ ಹುಡುಗಿ ತೀರಿಕೊಂಡರೆ ನಮ್ಮಲ್ಲಿ ಮದುಮಗಳ ಹಾಗೆ ಹೂವಿನ ಕಿರೀಟ ಇಟ್ಟು ಕಳಿಸುತ್ತಾರೆ. ಅಮ್ಮ ಅಬ್ಬಲಿಗೆ ಹೂ ಕಟ್ಟಿ ಇಟ್ಟಿದ್ದರು. ಆದರೆ ಬೇನೆ ಹರಡುತ್ತದೆ, ಪೆಟ್ಟಿಗೆಗೆ ಬೇಗ ಮೊಳೆ ಹೊಡೆಯಬೇಕೆಂದು ಹೊರಲು ಬಂದವರು ಹೇಳಿದರು. ಹೂವನ್ನು ಮುಚ್ಚಳದ ಮೇಲೆ ಇಟ್ಟದ್ದು. ಅಪ್ಪ, ಸೋದರಮಾವ, ಇನ್ನಿಬ್ಬರು ಹೊತ್ತರು. ಇಗರ್ಜಿಯ ಪಕ್ಕದ ಸಿಮಿತರಿಯ ಒಂದು ಮೂಲೆಯಲ್ಲಿ ಗುಂಡಿ ಮೊದಲೇ ತೋಡಿಯಾಗಿತ್ತು. ಪಾದ್ರಿಗಳು ಲ್ಯಾಟಿನಿನಲ್ಲಿ ಪ್ರಾರ್ಥನೆ ಹೇಳಿದರು. ಮಣ್ಣು ಬೀಳುವ ಸದ್ದು ನಾನು ಅಜ್ಜಿಯ ಜೊತೆ ಗೋಡೆಯ ಆಚೆ ನಿಂತು ಕೇಳಿದೆ.

ಆಮೇಲೆ ಅಮ್ಮ ದಿನಾ ಬೆಳಿಗ್ಗೆ ನನ್ನನ್ನು ಬೆಳಕಿಗೆ ನಿಲ್ಲಿಸಿ ಬೆನ್ನು, ಹೊಟ್ಟೆ, ಕೂದಲಿನ ಬುಡ ನೋಡುತ್ತಿದ್ದರು. ಸೊಳ್ಳೆ ಕಚ್ಚಿದ ಗುರುತು ಕಂಡರೂ ಅವರ ಬೆರಳು ತಣ್ಣಗಾಗುತ್ತಿತ್ತು. ಸಿಡುಬಿನ ದಾಕು ಹಾಕುವವರು ಬಂದು ನನ್ನ ತೋಳಿಗೆ ಗೀರಿ ಹೋದರು. ನನಗೇನೂ ಆಗಲಿಲ್ಲ. ಆದರೆ ಸಾಯುವ ಹೆದರಿಕೆ ಹೋದ ಜಾಗಕ್ಕೆ ಇನ್ನೊಂದು ಹೆದರಿಕೆ ಬಂದು ಕೂತಿತು. ಅದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ.

ದಿನವೂ ಸಂಜೆ ನಾವು ಮೊಣಕಾಲೂರಿ ಜಪಸರ ಹೇಳುತ್ತಿದ್ದೆವು. ಶುರುವಿನಲ್ಲಿ ವಿಶ್ವಾಸದ ಪ್ರಾರ್ಥನೆ. ಅದರ ಕೊನೆಯಲ್ಲಿ, ಸತ್ತವರು ಶರೀರ ಸಹಿತ ಏಳುತ್ತಾರೆಂದು ನಂಬುತ್ತೇನೆ ಎಂಬ ಮಾತು ಬರುತ್ತದೆ. ಅಕ್ಕನೇ ನನಗೆ ಕಲಿಸಿದ್ದು. ಈಗ ಅಲ್ಲಿಗೆ ಬಂದಾಗ ನಾನು ತಡೆದು ನಿಲ್ಲುತ್ತಿದ್ದೆ. ಶರೀರ ಸಹಿತ ಎಂದರೆ ಯಾವ ಶರೀರ? ಕಿಟಕಿಯಿಂದ ಕಂಡದ್ದೇ? ಪಾಸ್ಕ ಹಬ್ಬ ಹತ್ತಿರ ಬರುತ್ತಿತ್ತು. ಪಾದ್ರಿಗಳು ಪ್ರಸಂಗದಲ್ಲಿ ಸಮಾಧಿಗಳು ತೆರೆಯುವ ದಿನದ ಬಗ್ಗೆ ಹೇಳಿದರೆ ಉಳಿದವರ ಮುಖ ಅರಳುತ್ತಿತ್ತು, ನಾನು ಬೆಂಚಿನ ಅಂಚು ಹಿಡಿದುಕೊಳ್ಳುತ್ತಿದ್ದೆ. ಮಣ್ಣು ಸರಿಸಿ, ಆ ಮುಖ ಹೊತ್ತು, ಅಕ್ಕ ನನ್ನ ಕಡೆಗೆ ಬರುವುದು ಕಾಣುತ್ತಿತ್ತು. ಅವಳು ಎಷ್ಟು ಪ್ರೀತಿಯಿಂದ ಬಂದರೂ ನಾನು ಓಡಿಹೋಗುತ್ತೇನೆ ಎಂದು ನನಗೆ ಗೊತ್ತಿತ್ತು. ಇಗರ್ಜಿಗೆ ಹೋಗುವಾಗ ಸಿಮಿತರಿಯ ಗೋಡೆ ಬಂದ ಕೂಡಲೇ ಅಮ್ಮನ ಸೆರಗಿನ ಒಳಗೆ ತಲೆ ಹಾಕಿ ನಡೆಯುತ್ತಿದ್ದೆ.

ಶುಭ ಶುಕ್ರವಾರ ಕಳೆದ ಮರುದಿನ ಅಮ್ಮ ಹಬ್ಬಕ್ಕೆಂದು ಅಕ್ಕಿ ನೆನೆಹಾಕುತ್ತಿದ್ದರು. ಕೈ ಮಾತ್ರ ಕೆಲಸ ಮಾಡುತ್ತಿತ್ತು. ಸುಮ್ಮನೆ ಇರಲಾರದೆ ನಾನು ಹೇಳಿಬಿಟ್ಟೆ.

"ಅಮ್ಮಾ, ನನಗೆ ಅಕ್ಕ ಏಳುವುದು ಬೇಡ."

ಅಮ್ಮ ತಿರುಗಿದರು. ಹೊಡೆಯುತ್ತಾರೆ ಎಂದುಕೊಂಡೆ.

"ನೀನು ಕಿಟಕಿಯಿಂದ ನೋಡಿದ್ದಾ?"

ನಾನು ಹೌದೆಂದು ತಲೆಯಾಡಿಸಿದೆ.

ಅಮ್ಮ ನೆಲದ ಮೇಲೆ ಕೂತುಬಿಟ್ಟರು. ಆಮೇಲೆ ಅಕ್ಕಿಯ ನೀರಿನಲ್ಲಿ ಒದ್ದೆಯಾದ ಕೈಯನ್ನು ಮಡಿಲಲ್ಲಿಟ್ಟುಕೊಂಡು, "ನನಗೂ ಅದೇ ಹೆದರಿಕೆ," ಎಂದರು. "ಕಣ್ಣು ಮುಚ್ಚಿದರೆ ಅದೇ ಬರ್ತದೆ. ಹತ್ತೊಂಬತ್ತು ವರ್ಷ ನೋಡಿದ ಮುಖ ಎಲ್ಲಿ ಹೋಯಿತೋ ಗೊತ್ತಿಲ್ಲ. ಒಂದು ಫೋಟೋ ಕೂಡ ಇಲ್ಲ. ಮದುವೆಯ ದಿವಸ ತೆಗೆಸುವ ಅಂತ ಇದ್ದೆವು. ಸ್ವರ್ಗದಲ್ಲಿ ಅವಳು ಎದುರು ಬಂದರೆ ನಾನು ಹೆತ್ತವಳು ಚೀರಿದರೆ ಎಂತ ಮಾಡುವುದು?"

ದೊಡ್ಡವರಿಗೂ ಇಂಥ ಹೆದರಿಕೆ ಇರುತ್ತದೆ ಎಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಅಮ್ಮ ಎದ್ದು ಸೆರಗು ಸರಿಮಾಡಿಕೊಂಡರು. "ಬಾ, ಪಾದ್ರಿಗಳ ಹತ್ತಿರ ಹೋಗುವ. ಬೈದರೆ ಬೈಯಲಿ."

ಪಾದ್ರಿಗಳು ತಮ್ಮ ಬಂಗಲೆಯ ಚಾವಡಿಯಲ್ಲಿ ಹಬ್ಬದ ದೊಡ್ಡ ಮೇಣದ ಬತ್ತಿಯನ್ನು ಒರೆಸುತ್ತಿದ್ದರು. ಅಮ್ಮ ನಿಂತೇ ಎಲ್ಲ ಹೇಳಿದರು. ಪಾದ್ರಿಗಳು ಬೈಯಲಿಲ್ಲ. ಕೂಡಲೇ ಸಮಾಧಾನವನ್ನೂ ಹೇಳಲಿಲ್ಲ. ಬತ್ತಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟು, ನಮ್ಮನ್ನು ಕೂರಿಸಿ, ತಾವೂ ಕೂತರು.

"ನಾನು ನಿಮ್ಮ ಮನೆಗೆ ಬಂದ ದಿವಸ ನನಗೆಷ್ಟು ಹೆದರಿಕೆ ಇತ್ತು, ಗೊತ್ತುಂಟಾ?" ಎಂದರು. "ಗದ್ದೆಯ ಹತ್ತಿರ ಸೈಕಲಿನಿಂದ ಇಳಿದೆ. ವಾಪಸು ಹೋಗುವ ಅಂತ ಒಂದು ಗಳಿಗೆ ಅನಿಸಿತು. ಒಳಗೆ ಬಂದು ಅವಳ ಹಣೆಗೆ ಎಣ್ಣೆ ಹಚ್ಚಲಿಕ್ಕೆ ಹೋದೆ, ಕೈ ನಡುಗಿತು. ಅವಳಿಗೆ ಕಣ್ಣು ಕಾಣ್ತಿರಲಿಲ್ಲ. ಆದರೂ ಗೊತ್ತಾಯಿತು. 'ಫಾದರ್, ಮುಟ್ಟಬೇಡಿ, ನಿಮಗೆ ತಾಗ್ತದೆ. ದೂರದಿಂದಲೇ ಮಾಡಿದರೆ ದೇವರು ಲೆಕ್ಕಕ್ಕೆ ಹಿಡಿಯುವುದಿಲ್ಲವಾ?' ಅಂತ ಕೇಳಿದಳು."

ಅಮ್ಮ ಬಾಯಿಗೆ ಸೆರಗು ಒತ್ತಿದರು.

"ಆಮೇಲೆ ನನಗೆ ಕೈ ನಡುಗಲಿಲ್ಲ," ಎಂದರು ಪಾದ್ರಿಗಳು. "ಆ ಮುಖದ ಒಳಗೆ ಅವಳೇ ಇದ್ದಳು, ಪೂರ್ತಿ ಇದ್ದಳು. ಬೇನೆಗೆ ಅವಳನ್ನು ಮುಟ್ಟಲಿಕ್ಕೆ ಆಗಿರಲಿಲ್ಲ."

ನನಗೆ ಧೈರ್ಯ ಬಂದು ಕೇಳಿದೆ: "ಆದರೆ ಏಳುವಾಗ ಕಲೆ ಇರ್ತದಾ, ಫಾದರ್?"

"ನನಗೆ ಗೊತ್ತಿಲ್ಲ ಮಗಾ. ಸುಳ್ಳು ಹೇಳುವುದಿಲ್ಲ. ಒಂದು ಗೊತ್ತುಂಟು. ಏಸುಸ್ವಾಮಿ ಎದ್ದ ದಿವಸ ಶಿಷ್ಯರು ಬಾಗಿಲು ಹಾಕಿಕೊಂಡು ಒಳಗೆ ಹೆದರಿ ಕೂತಿದ್ದರು, ನಮ್ಮ ಹಾಗೇ. ಸ್ವಾಮಿ ಬಂದು ಕೈ ತೋರಿಸಿದರು. ಮೊಳೆಯ ಗಾಯ ಹಾಗೇ ಇತ್ತು. ಆ ಗಾಯ ನೋಡಿ ಯಾರೂ ಓಡಲಿಲ್ಲ. ಸಂತೋಷ ಆಯಿತು ಅವರಿಗೆ. ಗಾಯದಿಂದಲೇ ಗುರುತು ಹಿಡಿದರು. ಅಲ್ಲಿ ಗಾಯ ಇದ್ದರೂ ನೋವಿಲ್ಲ, ಹೆದರಿಸುವ ಶಕ್ತಿಯೂ ಅದಕ್ಕಿಲ್ಲ. ನಿನ್ನ ಅಕ್ಕ ಮಾತಾಡಿದರೆ ನಿನಗೆ ಗುರುತು ಸಿಕ್ಕುವುದಿಲ್ಲವಾ?"

ಸಿಕ್ಕುತ್ತದೆ ಎಂದು ನಾನು ಹೇಳಬೇಕಾಗಿ ಬರಲಿಲ್ಲ. ಆ ಕ್ಷಣ ಕಿಟಕಿಯ ಆಚೆಯ ಸ್ವರ ನನಗೆ ಕೇಳಿತು. ಅಷ್ಟು ದಿನ ಮುಖವೇ ಎದುರು ನಿಂತು ಆ ಸ್ವರವನ್ನು ಕೇಳಿಸಗೊಟ್ಟಿರಲಿಲ್ಲ. ಸಾಯುವ ಹೊತ್ತಿನಲ್ಲಿಯೂ ಅವಳು ನನ್ನನ್ನು ಗದರಿ ಉಳಿಸಿದ್ದಳು, ಗದರಿದ್ದಕ್ಕೆ ಪ್ರೀತಿಯನ್ನೂ ಸೇರಿಸಿದ್ದಳು. ನಾನು ಅಮ್ಮನ ಮಡಿಲಲ್ಲಿ ಮುಖವಿಟ್ಟು ಅತ್ತೆ. ಅಕ್ಕ ಹೋದ ಮೇಲೆ ನಾನು ಅತ್ತದ್ದು ಅದೇ ಮೊದಲು. ಅದುವರೆಗೆ ಅಳಲು ಹೆದರಿಕೆ ಬಿಟ್ಟಿರಲಿಲ್ಲ.

ಹೊರಡುವಾಗ ಅಮ್ಮ ಸಿಮಿತರಿಯ ಗೇಟಿನ ಹತ್ತಿರ ನಿಂತರು. "ಬರ್ತೀಯಾ, ಇಲ್ಲೇ ನಿಲ್ತೀಯಾ?" ಎಂದು ಕೇಳಿದರು. ನಾನು ಅಲ್ಲೇ ನಿಂತೆ. ಒಳಗೆ ಹೋಗುವ ಧೈರ್ಯ ಆ ದಿನ ಬರಲಿಲ್ಲ. ಆದರೆ ತಲೆ ಸೆರಗಿನೊಳಗೆ ಹಾಕದೆ, ಕಣ್ಣು ತೆರೆದುಕೊಂಡು, ಮೂಲೆಯ ಆ ಹಸಿ ಮಣ್ಣಿನ ಮೇಲೆ ಅಮ್ಮ ಬಗ್ಗಿ ಕೈಯಿಟ್ಟು ಸವರುವುದನ್ನು ನೋಡಿದೆ. ಜ್ವರ ಬಂದ ಮಗುವಿನ ಬೆನ್ನು ಸವರುವ ಹಾಗೆ ಸವರುತ್ತಿದ್ದರು.

ಹಬ್ಬದ ದಿನ ನಾವು ಸಡಗರ ಮಾಡಲಿಲ್ಲ. ಬೆಳ್ತಂಗಡಿಯಿಂದ ಮದುವೆಯ ಹುಡುಗ ತನ್ನ ತಾಯಿಯ ಜೊತೆ ಬಂದ. ಜಗಲಿಯ ತುದಿಯಲ್ಲಿ ಕೂತಿದ್ದ. ಅಮ್ಮ ಅಕ್ಕನ ವಿಷಯ ಮಾತಾಡತೊಡಗಿದರು. ಅವಳು ಕಾಜ ಮಾಡುವಾಗ ದಾರವನ್ನು ಹಲ್ಲಿನಲ್ಲಿ ಕಡಿಯುತ್ತಿದ್ದುದು, ನಗು ಬಂದರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದುದು. ಹೇಳುತ್ತ ಹೇಳುತ್ತ ಒಮ್ಮೆಲೇ ನಿಲ್ಲಿಸಿ, "ಬಂತು, ಅವಳ ಮುಖ ನೆನಪಿಗೆ ಬಂತು," ಎಂದು ಅಪ್ಪನ ಕಡೆ ನೋಡಿದರು. ಅಪ್ಪ ಎದ್ದು ಅಂಗಳಕ್ಕೆ ಇಳಿದರು. ಅವರ ಭುಜ ಅಲುಗುವುದು ನಮಗೆಲ್ಲ ಕಾಣುತ್ತಿತ್ತು.

ಹೆದರಿಕೆ ಪೂರ್ತಿ ಹೋಯಿತು ಎಂದು ಹೇಳಲಾರೆ. ಹಲವು ವರ್ಷ ಅದು ಬಂದು ಹೋಗುತ್ತಿತ್ತು, ಅದರಲ್ಲೂ ಬೇಸಗೆಯ ಮಧ್ಯಾಹ್ನಗಳಲ್ಲಿ. ನಾನು ಮದುವೆಯಾಗಿ ಮೂಡುಬಿದಿರೆಗೆ ಬಂದೆ. ಅರವತ್ತರ ದಶಕದ ಕೊನೆಗೆ ಅಮ್ಮ ನನ್ನ ಮನೆಯಲ್ಲೇ ಹಾಸಿಗೆ ಹಿಡಿದರು. ಒಂದು ಸಂಜೆ ಜಪಸರ ಹೇಳಿಕೊಡು ಎಂದರು. ಏಳುವ ಮಾತು ಬಂದಾಗ ನಾನು ಹಳೆಯ ಅಭ್ಯಾಸದಿಂದ ತಡೆದು ನಿಂತೆ. ಅಮ್ಮ ಕಾದರು. ಆಮೇಲೆ ಕ್ಷೀಣ ಸ್ವರದಲ್ಲಿ ತಾವೇ ಆ ಮಾತನ್ನು ಹೇಳಿ, "ಹೇಳು, ಹೇಳು. ನಾನು ಮೊದಲು ಹೋಗಿ ನೋಡ್ತೇನೆ," ಎಂದರು.

ನಾನು ಅವರ ಕೈ ಹಿಡಿದುಕೊಂಡು ಪ್ರಾರ್ಥನೆಯನ್ನು ಕೊನೆಯವರೆಗೆ ಹೇಳಿದೆ.